ಇನ್ವರ್ಟರ್ ಸುಟ್ಟ ದಿನ ನಾನು ಹೇಳಿದ ಸುಳ್ಳು

ಮಲ್ಲಪ್ಪಣ್ಣ, ಆ ದಿನ ಕಾರಿನ ಇನ್ವರ್ಟರ್ ಸುಟ್ಟದ್ದು ನನ್ನ ತಪ್ಪಿನಿಂದ. ಅದು ನನಗೆ ಆಗಲೇ ಗೊತ್ತಿತ್ತು—ಗೊತ್ತಿದ್ದೂ ನಿಮ್ಮ ಮೇಲೆ ಹಾಕಿದೆ.

ಇಳಕಲ್ಲಿನ ನೇಕಾರರ ಮನೆಗಳಿಗೆ ಹೋಗಿ ಹಳೆಯ ಸೀರೆಗಳ ದಡಿಯ ನಕ್ಷೆಗಳನ್ನು ಲ್ಯಾಪ್‌ಟಾಪಿನಲ್ಲಿ ಬಿಡಿಸಿಕೊಳ್ಳುವುದು ನನ್ನ ಕೆಲಸ. ಬಾಗಲಕೋಟೆ ನವನಗರದ ನಮ್ಮ ಕಚೇರಿಯ ಕಾರು ಓಡಿಸುವುದು ನಿಮ್ಮದು. ಕರೆಂಟ್ ಹೋದರೆ ಕೆಲಸ ನಿಲ್ಲುತ್ತಿತ್ತು. ಕಾರಿನಿಂದಲೇ ಲ್ಯಾಪ್‌ಟಾಪ್ ನಡೆಸಲು ಇನ್ವರ್ಟರ್ ಬೇಕೆಂದಾಗ ಹುನಗುಂದದ ಒಂದು ಅಂಗಡಿಗೆ ಕರೆದೊಯ್ದಿರಿ. ನಾನು ಚಿಕ್ಕದೊಂದನ್ನು ಕೈಗೆತ್ತಿಕೊಂಡೆ.

"ಅಕ್ಕಾರ, ಮ್ಯಾಲಿನ ದೊಡ್ಡ ಅಂಕಿ ನಂಬಬ್ಯಾಡ್ರಿ. ಅದು ಒಂದ ಗಳಿಗಿ ತಡಕೊಳ್ಳೂದು. ಒಂದೇ ಸವನ ಎಷ್ಟು ವ್ಯಾಟ್ ಕೊಡತೈತಿ ನೋಡ್ರಿ. ನಿಮ್ಮ ಚಾರ್ಜರಿಗೆ ಇದು ಸಾಲೂದಿಲ್ಲ," ಅಂದಿರಿ ನೀವು.

ಅಂಗಡಿಯವನು ನಿಮ್ಮ ಹೆಂಡತಿಯ ತಮ್ಮ ಎಂದು ತಿಳಿದದ್ದೇ ತಡ, ನನಗೆ ಬೇರೇನೂ ಕೇಳಿಸಲಿಲ್ಲ. ದೊಡ್ಡದನ್ನು ಕೊಳ್ಳಿಸಿದರೆ ಇವರಿಗೇನು ಸಿಗುತ್ತದೆ? ಕೇಳದೆಯೇ ಚಹಾ ತರಿಸಿದ್ದೇಕೆ? ಕಣ್ಣಲ್ಲೇ ಏನೋ ಮಾತಾಡಿಕೊಂಡರೋ... ಬಾಗಲಕೋಟೆಗೆ ಬಂದು ಬೇರೆ ಅಂಗಡಿಯಲ್ಲಿ ಆ ಚಿಕ್ಕದನ್ನೇ ಕೊಂಡೆ.

ಮೂರನೆಯ ದಿನ, ಲ್ಯಾಪ್‌ಟಾಪನ್ನು ಕಾರಿನಲ್ಲಿ ಚಾರ್ಜಿಗೆ ಹಚ್ಚಿ ನೇಕಾರರೊಬ್ಬರ ಮನೆಯೊಳಗಿದ್ದೆ. ಹೊರಗೆ ಹೊಗೆ. ನೀವು ವೈರನ್ನು ಬರಿಗೈಯಲ್ಲಿ ಕಿತ್ತು ಬೆರಳು ಸುಟ್ಟುಕೊಂಡಿರಿ. ಲ್ಯಾಪ್‌ಟಾಪ್ ಮತ್ತೆ ಏಳಲಿಲ್ಲ. ಬಿಡಿಸಿದ ನಕ್ಷೆಗಳೆಲ್ಲ ಹೋದವು. ಇನ್ವರ್ಟರನ್ನು ತಿರುವಿ ನೋಡಿದೆ. ನೀವು ಹೇಳಿದ್ದೇ ಅಲ್ಲಿ ಸಣ್ಣ ಅಕ್ಷರದಲ್ಲಿತ್ತು. ಓದಿದೆ—ಬ್ಯಾಗಿನೊಳಗೆ ಹಾಕಿಕೊಂಡೆ.

ಕಚೇರಿಗೆ ಮರಳಿದಾಗ, ಇನ್ವರ್ಟರಿಗೆ ಡ್ರೈವರ್ ಬೇರೆ ಏನಾದರೂ ಹಚ್ಚಿದ್ದರೇ ಎಂದು ನಮ್ಮ ಸಾಹೇಬರು ಕೇಳಿದರು. ನೀವು ಬಾಗಿಲಲ್ಲೇ ನಿಂತಿದ್ದಿರಿ.

"ಹಚ್ಚಿರಬೇಕ್ರಿ," ಅಂದೆ. "ನಾ ಮನಿ ಒಳಗಿದ್ನಿ."

"ನಾ ಏನೂ ಹಚ್ಚಿಲ್ರಿ," ಎಂದು ಒಂದೇ ಸಲ ಅಂದಿರಿ. ಮರುವಾರ ಕಾರಿಗೆ ಬೇರೆ ಡ್ರೈವರ್ ಬಂದ.

ನಾಲ್ಕು ವರ್ಷಗಳ ಮೇಲೆ, ಮೊನ್ನೆ ಬಾದಾಮಿಯಲ್ಲಿ ಸಿಕ್ಕಿರಿ. ಆರಾಮ ಇದ್ದೀರಾ ಎಂದು ನೀವಾಗಿಯೇ ಕೇಳಿದಿರಿ. ಇವರ ಮನಸ್ಸಿನಲ್ಲಿ ಏನಿದೆಯೋ ಎಂದು ಆಗಲೂ ಅನುಮಾನಿಸಿದೆ—ನನ್ನ ಬುದ್ಧಿ ಇಂಥದ್ದು. ನಿಮ್ಮ ಮನೆಯಲ್ಲೇ ನಿಮ್ಮ ಮಾತನ್ನು ಪೂರ್ತಿ ನಂಬಿಲ್ಲ ಎಂದು ಆಮೇಲೆ ಬೇರೆಯವರಿಂದ ತಿಳಿಯಿತು.

ನಿನ್ನೆ ಸಾಹೇಬರಿಗೆ ನಿಜ ಬರೆದು ಕೊಟ್ಟೆ. ರವಿವಾರ ನಿಮ್ಮ ಮನೆಗೆ ಬರುತ್ತೇನೆ. ಹೆಂಡತಿ, ಮಕ್ಕಳು, ಆ ನಿಮ್ಮ ಭಾವಮೈದ—ಎಲ್ಲರನ್ನೂ ಕೂಡಿಸಿರಿ. ನಿಮಗೊಬ್ಬರಿಗೇ ಹೇಳಿ ಹಗುರಾಗುವ ಹಕ್ಕು ನನಗಿಲ್ಲ.