ಅರಿಶಿನ ವೇದಿಕೆಯಲ್ಲಿ ನನ್ನ ಅಡ್ಮಿನ್‌ಗಿರಿ

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಪಂಪ್‌ಸೆಟ್ ರಿಪೇರಿ ಅಂಗಡಿ ಇದೆ. ಊರಾಚೆ ಸ್ವಲ್ಪ ಜಮೀನಿದೆ, ಅದರಲ್ಲಿ ಅರಿಶಿನ ಬೆಳೆಯುತ್ತೇನೆ. ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಮರ್ಯಾದೆಯಿಂದ ಇರುತ್ತಿದ್ದೆ. ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಅರಿಶಿನ ಬೆಳೆಗಾರರು ಇಂಟರ್ನೆಟ್ಟಿನಲ್ಲಿ ಒಂದು ಚರ್ಚಾ ವೇದಿಕೆ ಮಾಡಿಕೊಂಡರು. ಅದನ್ನು ನೋಡಿಕೊಳ್ಳುವ ಅಡ್ಮಿನ್ ಯಾರಾಗಬೇಕು ಎಂದಾಗ ಎಲ್ಲರೂ ತಲೆ ತಗ್ಗಿಸಿ ಕೂತರು. ನಾನು ಮಾತ್ರ, ಯಾರೂ ಕೇಳುವ ಮೊದಲೇ, "ಇಷ್ಟು ಬಲವಂತ ಮಾಡ್ತಿದ್ದೀರಿ ಅಂದ್ಮೇಲೆ ಆಯ್ತು" ಎಂದು ಒಪ್ಪಿಕೊಂಡೆ. ಇನ್ನೊಬ್ಬ ಅಡ್ಮಿನ್ ಇದ್ದರೆ ಒಳ್ಳೆಯದು ಎಂದರು. ಕುದೇರಿನಲ್ಲಿರುವ ನನ್ನ ಅಕ್ಕನ ಗಂಡನ ಹೆಸರು ಹಾಕಿದೆ. ಭಾವ ಯಾವುದಕ್ಕೂ ಅಡ್ಡ ಬರುವವರಲ್ಲ.

ಮೊದಮೊದಲು ವೇದಿಕೆ ಚೆನ್ನಾಗಿ ನಡೆಯಿತು. ಹಂಗಳದವರು ಎಲೆ ಒಣಗಿದ ಫೋಟೊ ಹಾಕುವರು, ಚಾಮರಾಜನಗರದ ಕಡೆಯವರು ಔಷಧ ಹೇಳುವರು, ಕಾಡಂಚಿನ ನಮ್ಮ ಮದ್ದೂರಿನವರು ಕಾಡುಹಂದಿ ಗೆಡ್ಡೆ ಬಗೆದ ಸಂಕಟ ತೋಡಿಕೊಳ್ಳುವರು. ನನಗೆ ಕೆಲಸವೇ ಇರಲಿಲ್ಲ. ಒಂದು ಮಧ್ಯಾಹ್ನ ಅಂಗಡಿಗೆ ಗಿರಾಕಿಯಿಲ್ಲದೆ ಕೂತಿದ್ದಾಗ ಸೆಟ್ಟಿಂಗ್ಸ್ ತೆರೆದು ನೋಡಿದೆ. ಯಾರು ಓದಬಹುದು, ಯಾರು ಬರೆಯಬಹುದು, ಯಾರು ಇನ್ನೊಬ್ಬರ ಮಾತನ್ನು ಅಳಿಸಬಹುದು, ಎಲ್ಲವನ್ನೂ ತೀರ್ಮಾನಿಸುವವನು ನಾನು! ಮನೆಯಲ್ಲಿ ಟಿವಿ ರಿಮೋಟ್ ಕೂಡ ನನ್ನ ಕೈಗೆ ಸಿಗುವುದಿಲ್ಲ. ಅಂಥವನಿಗೆ ಇಂಥ ಅಧಿಕಾರ ಸಿಕ್ಕರೆ ಏನಾಗಬೇಕೋ ಅದೇ ಆಯಿತು.

ಹೊಸ ಸದಸ್ಯರು ಓದಬಹುದು, ಬರೆಯುವ ಹಾಗಿಲ್ಲ ಎಂದೆ. ಹಳಬರು ಬರೆದದ್ದೂ ನಾನು ಒಪ್ಪಿದ ಮೇಲೆಯೇ ಕಾಣುವ ಹಾಗೆ ಮಾಡಿದೆ. ಮೋಟಾರ್ ರಿಪೇರಿಗೆ ಬಂದವರು "ಅಣ್ಣ, ನಂದೊಂದು ಪೋಸ್ಟ್ ಅಲ್ಲೇ ನಿಂತದ, ಬುಟ್ಬುಡಣ್ಣ" ಎಂದರೆ, "ಪರಿಶೀಲನೆಯಲ್ಲಿದೆ" ಎಂದು ಮುಖ ಬಿಗಿದುಕೊಳ್ಳುತ್ತಿದ್ದೆ. ಪರಿಶೀಲನೆ ಎಂದರೆ ನಾನು ಎದುರಿನ ಹೋಟೆಲಿಗೆ ಹೋಗಿ ಟೀ ಕುಡಿದು ಬರುವುದು.

ಅಕ್ಕನೂ ವೇದಿಕೆಯಲ್ಲಿ ಸದಸ್ಯೆ. ಅರಿಶಿನದಿಂದ ಶುರುಮಾಡಿ ಹಸು ಕರು ಹಾಕಿದ್ದು, ಪಕ್ಕದ ಮನೆಯ ಸೊಸೆಯ ಸೀಮಂತ, ತನ್ನ ಹಲ್ಲುನೋವು, ಎಲ್ಲವನ್ನೂ ಬರೆಯುತ್ತಿದ್ದಳು. ಜನ ಅದನ್ನೇ ಮುಗಿಬಿದ್ದು ಓದುತ್ತಿದ್ದರು. ಬೇಸಾಯದಲ್ಲಿ ಶಿಸ್ತು ಇರಬೇಕೆಂದು ನಾನು ಬರೆದ ಉದ್ದದ ಲೇಖನಕ್ಕೆ ಒಬ್ಬರೂ ಲೈಕ್ ಒತ್ತಿರಲಿಲ್ಲ. ವಿಷಯಾಂತರ ಮಾಡುತ್ತಾಳೆ ಎಂಬ ಕಾರಣ ಕೊಟ್ಟು ಅಕ್ಕನನ್ನು ಬರೀ ಓದುವವರ ಗುಂಪಿಗೆ ಇಳಿಸಿದೆ. ಫೋನ್ ಮಾಡಿ ಬಯ್ಯುತ್ತಾಳೆ ಎಂದುಕೊಂಡಿದ್ದೆ. ಮಾಡಲಿಲ್ಲ. ಒಡಹುಟ್ಟಿದವಳೆಂದೂ ನೋಡದ ನನ್ನ ನ್ಯಾಯಪರತೆಯನ್ನು ನಾನೇ ಮೆಚ್ಚಿಕೊಂಡೆ.

ಆಮೇಲೆ ಒಂದು ಬೆಳಿಗ್ಗೆ, ಅರಿಶಿನ ಬಿಟ್ಟು ಬೇರೆ ಮಾತಾಡುವವರನ್ನೆಲ್ಲ ಒಟ್ಟಿಗೆ ಓದುಗರನ್ನಾಗಿ ಮಾಡಿಬಿಡೋಣ ಎಂದು ಹೊರಟೆ. ಮೊದಲು ಎಲ್ಲರ ಹೆಸರಿಗೂ ಟಿಕ್ ಹಾಕಿ, ಆಮೇಲೆ ಬೇಡದವರದನ್ನು ತೆಗೆಯುವುದು ಸುಲಭ ಎನಿಸಿತು. ಎಷ್ಟಾದರೂ ಅಕ್ಕನ ಗಂಡ ಎಂದು ಮೊದಲು ಭಾವನ ಹೆಸರಿನ ಟಿಕ್ ತೆಗೆದೆ. ಅಷ್ಟರಲ್ಲಿ ಯಾರೋ ಸುಟ್ಟುಹೋದ ಮೋಟಾರ್ ತಂದು ಕಾಲ ಬಳಿ ಧೊಪ್ಪನೆ ಇಳಿಸಿದರು. ನಾನು ಬೆಚ್ಚಿ ಬಟನ್ ಒತ್ತಿದೆ. ಇಡೀ ವೇದಿಕೆಗೆ ಬರೆಯುವ ಹಕ್ಕು ಹೋಯಿತು. ಸರಿಮಾಡೋಣವೆಂದರೆ ಸೆಟ್ಟಿಂಗ್ಸೇ ಕಾಣುತ್ತಿಲ್ಲ. ಎಲ್ಲರ ಜೊತೆ ನನ್ನನ್ನೂ ಇಳಿಸಿಕೊಂಡಿದ್ದೆ.

ಫೋನುಗಳು ಶುರುವಾದವು. ಸರ್ವರ್ ರಿಪೇರಿ ನಡೆಯುತ್ತಿದೆ ಎಂದೆ. "ಯಾವತ್ತು ಮುಗ್ದದು?" ಎಂದು ಕೇಳಿದರೆ, "ದೊಡ್ಡ ರಿಪೇರಿ" ಎಂದೆ. ಈಗ ಅಡ್ಮಿನ್ ಆಗಿ ಉಳಿದವರು ಭಾವ ಒಬ್ಬರೇ; ಅವರಿಗೆ ಹೇಗೆ ಸರಿಮಾಡಬೇಕೆಂದು ಫೋನಿನಲ್ಲೇ ವಿವರಿಸಿದೆ. ಅವರು ಎಲ್ಲಕ್ಕೂ "ಹೂಂ" ಎಂದು, ಕೊನೆಗೆ "ಬಂದ್ಬುಡಪ್ಪ ಅತ್ಲಾಗೆ" ಎಂದರು. ಅಂಗಡಿಯ ಬಾಗಿಲು ಎಳೆದು ಚಾಮರಾಜನಗರದ ಬಸ್ ಹತ್ತಿದೆ, ಅಲ್ಲಿಂದ ಕುದೇರು ಬಸ್.

ಭಾವ ಜಗಲಿಯ ಮೇಲೆ ಕೂತಿದ್ದರು. ಫೋನ್ ಕೇಳಿದೆ.

"ನಂಗೇನ್ ಗೊತ್ತಪ್ಪ? ಅದೆಲ್ಲ ನಿಮ್ಮಕ್ಕಂದು," ಎಂದರು.

"ಅಕ್ಕಂದಲ್ಲ ಭಾವ, ನಿಮ್ಮ ಹೆಸರಿನ ಅಕೌಂಟು."

"ಹೆಸ್ರು ನಂದೇಯ. ಪಾಸ್‌ವರ್ಡು ಅವಳ್ದು. ಮೊದ್ಲಿಂದ್ಲೂ ಅವಳೇ ನೋಡಾದು."

ಅಂದರೆ, ನಾನು ಅಕ್ಕನ ಬಾಯಿ ಮುಚ್ಚಿಸಿದೆನೆಂದು ಬೀಗುತ್ತಿದ್ದ ಕಾಲದಲ್ಲೆಲ್ಲ ಅವಳು ಗಂಡನ ಹೆಸರಿನಲ್ಲಿ ನನ್ನಷ್ಟೇ ಅಧಿಕಾರ ಇಟ್ಟುಕೊಂಡು ಕೂತಿದ್ದಳು. ಒಂದು ಟಿಕ್ ಹಾಕಿ ತನ್ನ ಹಕ್ಕು ವಾಪಸ್ ಪಡೆಯಬಹುದಿತ್ತು. ಇನ್ನೊಂದು ಹಾಕಿ ನನ್ನನ್ನೇ ಹೊರಗಟ್ಟಬಹುದಿತ್ತು.

ಅಕ್ಕ ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. "ಏನ್ಲಾ, ಸರ್ವರ್ ರಿಪೇರಿ ಆಯ್ತಾ?"

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ಬೆಳಗ್ಗೇನೇ ನೋಡ್ದೆ. ನೀನೇ ಬತ್ತೀಯ ಅಂತ ಸುಮ್ನಿದ್ದೆ."

"ಮತ್ತೆ ನಿನ್ನ ಅಕೌಂಟ್ ನೀನೇ ಸರಿಮಾಡ್ಕೋಬಹುದಿತ್ತಲ್ಲಕ್ಕ? ಇಷ್ಟು ದಿನ ಯಾಕೆ ಸುಮ್ಮನಿದ್ದೆ?"

ಅವಳು ಚಾಪೆ ಹಾಸಿದಳು. "ಮುಚ್ಚಿದೋನು ನೀನು. ನೀನೇ ತಗೀಲಿ ಅಂತ ಇದ್ದೆ ಕಣ್ಲಾ," ಎಂದಳು.

ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಭಾವ ಪುಣ್ಯಾತ್ಮರು, ಎದ್ದು ಹಸುವಿಗೆ ಹುಲ್ಲು ಹಾಕಲು ಹೋದರು. ಅಕ್ಕ ಮುದ್ದೆ, ಉಪ್ಸಾರು ಬಡಿಸಿದಳು. ನಾನು ತಲೆ ಎತ್ತದೆ ಉಂಡೆ. ಉಂಡು ಕೈ ತೊಳೆಯುವಷ್ಟರಲ್ಲಿ ಅವಳು ಎಲ್ಲರಿಗೂ ಬರೆಯುವ ಹಕ್ಕು ಕೊಟ್ಟು, ನನ್ನ ಒಪ್ಪಿಗೆಯ ನಿಯಮವನ್ನೂ ಕಿತ್ತುಹಾಕಿದ್ದಳು.

"ನನ್ನ ಅಡ್ಮಿನ್?" ಎಂದೆ, ಸಣ್ಣ ದನಿಯಲ್ಲಿ.

"ಬರಿ, ಓದು. ಸಾಕು. ಅದೆಲ್ಲ ನಿಂಗ್ಯಾಕ್ಲಾ?"

ನಾಚಿಕೆಯಿಲ್ಲದೆ ಇನ್ನೊಮ್ಮೆ ಕೇಳಿದೆ. ಅವಳು ತಟ್ಟೆ ತೆಗೆದುಕೊಂಡು ಒಳಗೆ ಹೋದಳು.

ಈಗ ಅಕ್ಕ ತನ್ನ ಹೆಸರಿನಲ್ಲೇ ಅಡ್ಮಿನ್. ಕೆಲವರು ಮಾತ್ರ "ಸರ್ವರ್ ಬಾಳ ಚೆನ್ನಾಗಿ ರಿಪೇರಿ ಮಾಡಿದ್ದೀರಿ" ಎಂದು ನನ್ನನ್ನೇ ಹೊಗಳುತ್ತಾರೆ. ನಾನು ಬೇಡ ಎನ್ನುವುದಿಲ್ಲ. ಮೊನ್ನೆ ಬಿತ್ತನೆ ಗೆಡ್ಡೆಯ ವಿಷಯಕ್ಕೆ ಇಬ್ಬರು ಜಗಳವಾಡಿದರು. ನಾನಾಗಿದ್ದರೆ ಇಬ್ಬರನ್ನೂ ತೆಗೆದುಹಾಕುತ್ತಿದ್ದೆ. ಅವಳು ಇಬ್ಬರಿಗೂ ಫೋನ್ ಮಾಡಿ ಮಾತಾಡಿದಳು. ಅವರು ತಣ್ಣಗಾದರು. ಆಮೇಲೆ ನಾನು ನಡುವೆ ಬಾಯಿ ಹಾಕಿ ಮೂರು ಸಾಲಿನ ಬುದ್ಧಿಮಾತು ಬರೆದೆ. ಕೂಡಲೇ ನನ್ನ ಫೋನ್ ಬಡಿದುಕೊಂಡಿತು.

"ನೀನೇ ಅಳುಸ್ತೀಯಾ, ಇಲ್ಲ ನಾನ್ ಅಳುಸ್ಲಾ?" ಎಂದಳು ಅಕ್ಕ.

ನಾನೇ ಅಳಿಸಿದೆ.