ಬಾಲ ಕಳೆದುಕೊಂಡ ಅಕ್ಷರ

ತೊಂಬತ್ತರ ದಶಕದ ಕೊನೆಯ ವರ್ಷಗಳು. ನನ್ನ ಗಂಡನಿಗೆ ಬಯಾನ್ ಲೆಪಾಸಿನ ಚಿಪ್ ಕಾರ್ಖಾನೆಯಲ್ಲಿ ಕೆಲಸ. ನಾನು ಮಲೇಷ್ಯಾದ ಪೆನಾಂಗ್ ಪೇಟೆಯ ಒಂದು ಸಣ್ಣ ಅಚ್ಚಿನ ಆಫೀಸಿನಲ್ಲಿ ಕಂಪ್ಯೂಟರಿನ ಮೇಲೆ ಪುಸ್ತಕಗಳ ಪುಟ ಜೋಡಿಸುತ್ತಿದ್ದೆ. ಮಾಲೀಕರು ವಯಸ್ಸಾದ ಚೀನೀಯರು, ಸೀಸದ ಅಚ್ಚುಮೊಳೆ ಜೋಡಿಸಿ ಬೆಳೆದವರು. ಒಂದು ವರ್ಷ ಸುಮಾತ್ರಾದ ಕಾಡು ಉರಿದ ಹೊಗೆ ಕಡಲು ದಾಟಿ ಬಂದು ಊರನ್ನೇ ಮುಚ್ಚಿತ್ತು. ನಡುಮಧ್ಯಾಹ್ನವೂ ಕಾರುಗಳು ದೀಪ ಹಾಕಿಕೊಂಡು ಓಡಾಡುತ್ತಿದ್ದವು. ಪಕ್ಕದ ಮನೆಯ ಮಕ್ಕಳ ಕೆಮ್ಮು ಗೋಡೆ ದಾಟಿ ಕೇಳಿಸುತ್ತಿತ್ತು.

ಅಂಥ ದಿನಗಳಲ್ಲೇ ನಮ್ಮ ಟೈಪ್‌ಸೆಟ್ಟಿಂಗ್ ವ್ಯವಸ್ಥೆಗೆ ಹೊಸ ಆವೃತ್ತಿ ಹಾಕಿಸಿದರು. ಹಳೆಯ ಫಾಂಟುಗಳು ಹೋಗಿ ಹೊಸವು ಬಂದವು. ಯಾವ ಅಂಕೆಗೆ ಯಾವ ಅಕ್ಷರ ಎಂಬ ಒಳಗಿನ ಲೆಕ್ಕವೂ ಬದಲಾಯಿತು. ಮೊದಲು ಕೆಟ್ಟದ್ದು ನನ್ನ ಕನ್ನಡ. ಇಲ್ಲಿನ ಕನ್ನಡದವರಿಗಾಗಿ ನಾನು ಮಾಡಿಟ್ಟಿದ್ದ ದೀಪಾವಳಿ ಕರಪತ್ರ ತೆರೆದರೆ ಪರದೆ ತುಂಬ ಕಂಸ, ಪ್ರಶ್ನೆಚಿಹ್ನೆ, ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು. ಕೆಟ್ಟಿದೆ ಎನ್ನುವುದು ಕಣ್ಣಿಗೆ ಹೊಡೆಯುತ್ತಿತ್ತು. ಹಳೆಯ ಫಾಂಟನ್ನು ಮತ್ತೆ ಹಾಕಿ ಸರಿಮಾಡಿಕೊಂಡೆ.

ಅದಾದ ಮೇಲೆ ಅಚ್ಚಿಗೆ ಓಡಿಸಿದ್ದು ಒಂದು ಇಂಗ್ಲಿಷ್ ವೈದ್ಯಕೀಯ ಕೈಪಿಡಿ. ಬರೆದವರು ಉಡುಪಿ ಕಡೆಯ ಮಕ್ಕಳ ಡಾಕ್ಟರು. ಇಲ್ಲಿಗೆ ಬಂದು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದ ನಡುವಯಸ್ಸಿನ ಹೆಂಗಸು. ರಬ್ಬರ್ ತೋಟ, ಪಾಮ್ ತೋಟಗಳ ಚಿಕಿತ್ಸಾಲಯಗಳಿಗೆಂದು ಮಕ್ಕಳ ತುರ್ತು ಔಷಧಿಗಳ ಪ್ರಮಾಣ ಬರೆದಿದ್ದರು. ಮೊದಲ ಮುದ್ರಣ ತಪ್ಪಿಲ್ಲದೆ ಬಂದಿತ್ತು. ಈಗ ಮರುಮುದ್ರಣ.

“ಒಂದಕ್ಷರ ಬದಲಿಲ್ಲ, ಹಾಗೇ ಓಡಿಸಿ,” ಎಂದಿದ್ದರು ಡಾಕ್ಟರು.

“ಸೇಮ್ ಬುಕ್ ಲಾ,” ಎಂದರು ಮಾಲೀಕರು ತಮ್ಮ ಪೆನಾಂಗ್ ಇಂಗ್ಲಿಷಿನಲ್ಲಿ. ಹಳೆಯ ಹಾಳೆಯ ಮೇಲೆ ಹೊಸ ಹಾಳೆ ಇಟ್ಟು ನೋಡಿದೆವು. ಸಾಲಿಗೆ ಸಾಲು ಕೂತಿತು. ಪುಸ್ತಕಗಳು ಹೋದವು.

ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಡಾಕ್ಟರ ಫೋನ್ ಬಂತು. ದನಿ ತೀರ ತಗ್ಗಿತ್ತು.

“ಪುಸ್ತಕ ಹತ್ತಿರ ಉಂಟಾ? ಕಣಜ ಕಚ್ಚಿದರೆ ಏನು ಕೊಡಬೇಕು ಎಂಬ ಪುಟ ತೆಗೀರಿ. ಅಡ್ರಿನಲಿನ್ ಸೂಜಿಮದ್ದು. ಓದಿ ಹೇಳಿ.”

“ಮಗುವಿನ ತೂಕದ ಒಂದು ಕಿಲೋಗೆ ಹತ್ತು ಮಿಲಿಗ್ರಾಂ,” ಎಂದೆ.

“ಹತ್ತು ಮೈಕ್ರೋಗ್ರಾಂ ಮಾರಾಯ್ತಿ. ಸಾವಿರ ಪಟ್ಟು ಹೆಚ್ಚಾಯ್ತು. ಕ್ಲಾಸಲ್ಲಿ ಒಬ್ಬಳು ಓದಿದಳು, ಪಾಠ ಬಿಟ್ಟು ಫೋನಿಗೆ ಓಡಿ ಬಂದೆ.”

ಮೈಕ್ರೋ ಎನ್ನುವುದಕ್ಕೆ ಬಳಸುವ ಗ್ರೀಕ್ ಅಕ್ಷರಕ್ಕೆ ಎಡಗಡೆ ಕೆಳಕ್ಕಿಳಿದ ಬಾಲವಿರುತ್ತದೆ. ಹಳೆಯ ವ್ಯವಸ್ಥೆಯಲ್ಲಿ ಅದು ಚಿಹ್ನೆಗಳ ಫಾಂಟಿನಲ್ಲಿತ್ತು, ಇಂಗ್ಲಿಷಿನ ಎಮ್ ಇರುವ ಜಾಗದಲ್ಲೇ. ಹೊಸ ಆವೃತ್ತಿಗೆ ಆ ಫಾಂಟ್ ಸಿಗಲಿಲ್ಲ. ಸಿಗಲಿಲ್ಲವೆಂದು ಅದು ಹೇಳಲೂ ಇಲ್ಲ. ಬದಲಿಗೆ ಮಾಮೂಲಿ ಫಾಂಟಿನ ಎಮ್ ಅನ್ನೇ ತಂದು ಕೂರಿಸಿತು. ಎಮ್ ಎಂದರೆ ಮಿಲಿ; ಪುಸ್ತಕದುದ್ದಕ್ಕೂ ಮೈಕ್ರೋಗ್ರಾಂಗಳೆಲ್ಲ ಮಿಲಿಗ್ರಾಂಗಳಾಗಿದ್ದವು.

ಮಾಲೀಕರು ಅಂಗಡಿ ಬಾಗಿಲು ಎಳೆದು ಫೋನಿನ ಮುಂದೆ ಕುಳಿತರು. ಫೋನಿಗೆ ಸಿಗದ ತೋಟಗಳಿಗೆ ನಾವೇ ಹೊರಟೆವು. ಡಾಕ್ಟರು ಕಾರು ಓಡಿಸಿದರು, ನಾನು ಪಕ್ಕದಲ್ಲಿ. ದ್ವೀಪದಿಂದ ಆಚೆಗೆ ದಾಟಿಸುವ ಕಡಲ ಸೇತುವೆ ಮೇಲೆ ಎರಡೂ ಕಡೆ ನೀರು ಕಾಣಲಿಲ್ಲ. ಕೆಡಾ ರಾಜ್ಯದ ಒಳಗೆ ಹೋದಂತೆ ತೋಟದ ಮರಗಳು ಹೊಗೆಯಿಂದ ಒಂದೊಂದಾಗಿ ಎದ್ದು ಬಂದು ಹಿಂದೆ ಕರಗುತ್ತಿದ್ದವು. ಮೊದಲ ಕೆಲವು ಕಡೆ ಪುಸ್ತಕವನ್ನು ಕಪಾಟಿನಿಂದ ತೆಗೆದೇ ಇರಲಿಲ್ಲ; ನೆಮ್ಮದಿಯಿಂದ ಹೊತ್ತು ತಂದೆವು.

ಕೊನೆಯ ತೋಟದಲ್ಲಿ ಅದು ಮೇಜಿನ ಮೇಲೆ ತೆರೆದೇ ಇತ್ತು. ಅಲ್ಲಿನ ತೋಟಗಳಲ್ಲಿ ಡಾಕ್ಟರಿರುವುದಿಲ್ಲ. ಡ್ರೆಸರ್ ಎಂದು ಕರೆಯುವ ಸಹಾಯಕರೇ ಸೂಜಿ ಚುಚ್ಚುವುದು, ಗಾಯ ಕಟ್ಟುವುದು. ಇಲ್ಲಿನ ಡ್ರೆಸರ್ ತಲೆ ನರೆತ ತಮಿಳರು. ನಮ್ಮನ್ನು ಕೂರಿಸಿ, ಡಾಕ್ಟರೇ ಬಂದರಲ್ಲ ಎಂದು ಸಂಕೋಚದಿಂದ ಚಹಾ ತರಿಸಿದರು. ನಮ್ಮ ಅರೆಬರೆ ತಮಿಳಿನಲ್ಲಿ ವಿಷಯ ಎತ್ತುವ ಮೊದಲೇ ಅವರು ಆ ಪುಟ ತಟ್ಟಿ ತೋರಿಸಿದರು.

“ಇದನ್ನ ನೋಡಿದ ಮೇಲೆ ಔಷಧಿ ಹೆಚ್ಚಿಗೆ ಬೇಕು ಅಂತ ಬರೆದು ಕಳಿಸಿದೀನಮ್ಮ. ನನ್ನ ಹತ್ರ ಇರೋದು ಒಂದು ಮಗುವಿಗೂ ಸಾಲಲ್ಲ. ಬರೋತನಕ ಯಾರಿಗಾದ್ರೂ ಬೇಕಾದ್ರೆ ಇರೋದನ್ನೆಲ್ಲ ಕೊಟ್ಟುಬಿಡೋಣ ಅಂತ ಇಲ್ಲೇ ತೆಗೆದಿಟ್ಟಿದೀನಿ.”

ತಟ್ಟೆಯಲ್ಲಿ ಗಾಜಿನ ಕುಪ್ಪಿಗಳು ಸಾಲಾಗಿದ್ದವು, ಪಕ್ಕದಲ್ಲಿ ಸಿರಿಂಜು.

“ಯಾರಿಗಾದರೂ ಕೊಟ್ಟಿರಾ?” ಡಾಕ್ಟರು ಕೇಳಿದರು.

“ಇನ್ನೂ ಇಲ್ಲ.”

ಡಾಕ್ಟರು ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಅಚ್ಚಿನಲ್ಲಿ ತಪ್ಪಾಗಿದೆ, ಮೊದಲು ಎಷ್ಟು ಕೊಡುತ್ತಿದ್ದಿರಿ ಎಂದರು. ಚಿಕ್ಕ ಮಗುವಾದರೆ ಒಂದು ಕುಪ್ಪಿಯಲ್ಲಿ ಕಾಲುಭಾಗಕ್ಕಿಂತ ಕಡಿಮೆ ಎಂದರು ಡ್ರೆಸರ್.

“ಅದೇ ಸರಿ. ಅಷ್ಟೇ ಕೊಡಿ.”

ಡ್ರೆಸರ್ ಪುಸ್ತಕ ಮುಚ್ಚಲಿಲ್ಲ. ಬಹಳ ಹಿಂದೆ ಒಂದು ಹೆಣ್ಣುಮಗುವಿಗೆ ಕಣಜದ ಹಿಂಡು ಮುತ್ತಿತ್ತಂತೆ. ಕಲಿತಷ್ಟೇ ಔಷಧಿ ಕೊಟ್ಟರಂತೆ. ಮಗು ಈ ಬೆಂಚಿನ ಮೇಲೇ ಹೋಯಿತಂತೆ. ಪುಸ್ತಕದ ಮೊದಲ ಮುದ್ರಣ ಆ ತೋಟಕ್ಕೆ ಬಂದಿರಲಿಲ್ಲ; ಈಗಿನದು ಬಂದಾಗ ಅವರಿಗೆ ಗೊತ್ತಾಯಿತಂತೆ, ತಾವು ಕೊಟ್ಟದ್ದು ಏನೇನೂ ಸಾಲಲಿಲ್ಲವೆಂದು. ಮಗುವಿನ ತಾಯಿ ಇನ್ನೂ ತೋಟದ ಕೂಲಿಯವರ ಅದೇ ಲೈನು ಮನೆಗಳಲ್ಲಿದ್ದಾಳೆ. ಅವಳ ಬಳಿ ಹೋಗಿ, ತಪ್ಪು ನನ್ನದೇ ಅಂತ ಹೇಳಿ ಬಂದಿದ್ದೇನೆ ಎಂದರು.

ನಾನು ಚಹಾದ ಲೋಟ ಕೆಳಗಿಟ್ಟೆ.

“ನೀವು ಕೊಟ್ಟದ್ದು ಸರಿಯಾಗಿಯೇ ಇತ್ತು,” ಎಂದರು ಡಾಕ್ಟರು. “ಅವಳಿಗೂ ಹೇಳಬೇಕು. ನಾನೇ ಬಂದು ಹೇಳ್ತೇನೆ.”

“ಸರಿ ಇದ್ದಿದ್ರೆ ಮಗು ಯಾಕೆ ಸತ್ತಿತು?”

ಸರಿಯಾದದ್ದು ಕೊಟ್ಟರೂ ಕೆಲವು ಸಲ ಉಳಿಯುವುದಿಲ್ಲ ಎಂದರು ಡಾಕ್ಟರು. ಡ್ರೆಸರ್ ತಲೆಯಾಡಿಸಿದರು, ಒಪ್ಪಿದವರಂತಲ್ಲ. ಡಾಕ್ಟರೂ ನಾನೂ ಲೈನು ಮನೆಗೆ ಹೋದೆವು. ತಾಯಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. “ಇನ್ನೊಂದು ಪುಸ್ತಕದಲ್ಲಿ ಬೇರೆ ಬರೀತಾರೆ,” ಎಂದಷ್ಟೇ ಹೇಳಿ ಒಳಗೆ ಹೋದಳು.

ಔಷಧಿಯ ಬೇಡಿಕೆಯನ್ನು ತೋಟದ ಕಚೇರಿಯಲ್ಲಿ ರದ್ದು ಮಾಡಿಸಿದೆವು. ಮುಂದಿನ ಮುದ್ರಣದಲ್ಲಿ ಮೈಕ್ರೋಗ್ರಾಂ ಎಂಬುದನ್ನು ಪೂರ್ತಿ ಪದವಾಗಿ ಹಾಕಿ, ಮಾಲೀಕರು, ಡಾಕ್ಟರು, ನಾನು ಮೂವರೂ ಗಟ್ಟಿಯಾಗಿ ಓದಿ ನೋಡಿದೆವು. ಆದರೆ ಹಿಂದಿನ ಪ್ರತಿಗಳೆಲ್ಲ ಮರಳಿ ಬರಲಿಲ್ಲ. ಕೆಲವನ್ನು ತೋಟದವರು ಇನ್ನೊಂದು ತೋಟಕ್ಕೆ ಕೊಟ್ಟಿದ್ದರಂತೆ. ಅದು ಯಾವ ತೋಟವೆಂದು ಯಾರಿಗೂ ನೆನಪಿರಲಿಲ್ಲ.

ಕೆಲವು ತಿಂಗಳ ಮೇಲೆ ಡಾಕ್ಟರು ಆಫೀಸಿಗೆ ಬಂದಾಗ ಆ ಡ್ರೆಸರ್ ಬಗ್ಗೆ ಕೇಳಿದೆ.

“ಈಗ ಸೂಜಿ ಚುಚ್ಚುವುದೇ ಇಲ್ಲವಂತೆ. ಕಣಜ ಕಚ್ಚಿದ ಮಕ್ಕಳನ್ನು ಲಾರಿ ಹತ್ತಿಸಿ ಪೇಟೆ ಆಸ್ಪತ್ರೆಗೆ ಕಳಿಸ್ತಾರಂತೆ.”

“ಅಷ್ಟು ದೂರ ಹೋಗೋತನಕ ಮಕ್ಕಳು ತಡೀತಾರಾ ಡಾಕ್ಟ್ರೇ?”

ಡಾಕ್ಟರು ಮೇಜಿನ ಮೇಲಿದ್ದ ಬೇರೆ ಯಾವುದೋ ಪುಸ್ತಕದ ಕರಡನ್ನು ಎತ್ತಿಕೊಂಡು ಮೊದಲ ಸಾಲಿನಿಂದ ಓದತೊಡಗಿದರು.