ಬಾಡಿಗೆ ಮನೆಯ ಸಿಹಿ ಚಹಾ

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಕೊಟ್ಟೂರಿನಲ್ಲಿ ಬಾಡಿಗೆಗೆ ಇದ್ದೆವು. ನನ್ನ ಗಂಡ ನೀರೆತ್ತುವ ಮೋಟಾರು ರಿಪೇರಿ ಮಾಡುತ್ತಿದ್ದರು. ಮುಂದಿನ ಅರ್ಧ ಮನೆಯಲ್ಲಿ ಮಾಲೀಕರಾದ ಅಜ್ಜಿ, ಹಿಂದಿನ ಅರ್ಧದಲ್ಲಿ ನಾವಿಬ್ಬರು. ಅಜ್ಜಿಗೆ ಬಾಯಿ ಜೋರು, ಕೈಯೂ ದೊಡ್ಡದು. ಆದರೆ ಕಾಯಿಲೆಯವರೆಂದರೆ ಆಗುತ್ತಿರಲಿಲ್ಲ. ಕೆಟ್ಟ ನಕ್ಷತ್ರದಲ್ಲಿ ಯಾರಾದರೂ ಸತ್ತರೆ ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಹೊರಗಿರಬೇಕು ಎಂಬುದು ಅವರ ಕಡೆಯ ಪದ್ಧತಿ. ನಮ್ಮ ಮುಸಲ್ಮಾನರಲ್ಲಿ ನಕ್ಷತ್ರ ನೋಡುವುದಿಲ್ಲ, ನಿಜ. ಆದರೆ ಮನೆ ಅವರದು, ಹಾಗಾಗಿ ನಕ್ಷತ್ರವೂ ಅವರದೇ. ನಮಗಿಂತ ಮುಂಚೆ ಇದ್ದವರನ್ನು ಕೆಮ್ಮು ನಿಲ್ಲಲಿಲ್ಲವೆಂದು ಮನೆ ಬಿಡಿಸಿದ್ದರು.

ಅಂಥ ಮನೆಯಲ್ಲಿ ನನ್ನ ಗಂಡನಿಗೆ ಸಕ್ಕರೆ ಕಾಯಿಲೆ ಅಂಟಿಕೊಂಡಿತು. ಊರಲ್ಲಿ ಸುದ್ದಿಯಾಗಬಾರದೆಂದು ಹರಪನಹಳ್ಳಿಯ ಡಾಕ್ಟರರ ಹತ್ತಿರ ಔಷಧಿ ತರುತ್ತಿದ್ದೆವು. ಅಜ್ಜಿಗೆ ಮಾತ್ರ, ಮೋಟಾರಿನ ಸಾಮಾನು ತರಲು ಹೊರಟೆವೆಂದು ಹೇಳುವುದು.

ಪೇಚಾದದ್ದು ಚಹಾದಿಂದ. ಅಜ್ಜಿ ದಿನಾ ಸಂಜೆ ಕರೆದು ಚಹಾ ಕೊಡುವರು, ಚಮಚ ನಿಲ್ಲುವಷ್ಟು ಸಕ್ಕರೆ ಹಾಕಿ. ಬೇಡವೆಂದರೆ ಗುಟ್ಟು ರಟ್ಟು. ನನ್ನ ಗಂಡ ಗಟಗಟ ಕುಡಿದು, "ಭಾಳ ಚಲೋ ಆಗೈತಿ, ಅಜ್ಜಿ" ಎನ್ನುವರು. ಅಜ್ಜಿಯೂ ಎದುರಿಗೇ ಕೂತು ಕಪ್ಪು ಖಾಲಿ ಮಾಡುವರು. ಒಳಗೆ ಬಂದ ಮೇಲೆ ನಾನು ಬಯ್ಯುತ್ತಿದ್ದೆ.

"ಮನಿ ಉಳಿಸಾಕ ಹೋಗಿ ಜೀವ ಕಳಕೋತೀರೇನ್ರಿ?"

ಬಯ್ಯುತ್ತಿದ್ದೆನೇ ಹೊರತು ನನಗೂ ಅದೇ ಭಯ. ಕಾಯಿಲೆಯ ಸುದ್ದಿ ಹಬ್ಬಿದ ಮೇಲೆ ಆ ಊರಲ್ಲಿ ನಮಗೆ ಇನ್ನೊಂದು ಮನೆ ಯಾರು ಕೊಡುತ್ತಿದ್ದರು?

ಒಂದು ಸಂಜೆ, ಸರಿಯಾಗಿ ಚಹಾದ ಹೊತ್ತಿಗೇ, ಹರಪನಹಳ್ಳಿಯ ನರ್ಸಮ್ಮ ಬಾಗಿಲಲ್ಲಿ ಬಂದು ನಿಂತಳು. ಇರುವ ಮನೆ ಕೈತಪ್ಪೀತೆಂಬ ಚಿಂತೆ ಇದ್ದವರಿಗೆ ಸಕ್ಕರೆ ಇಳಿಯುವುದಿಲ್ಲ ಎಂಬುದು ಆ ಡಾಕ್ಟರರ ಗುಮಾನಿ. ಅದಕ್ಕೇ ರೋಗಿಗಳ ಮನೆಮನೆಗೆ ಹೋಗಿ ಕೇಳಿಕೊಂಡು ಬಾ ಎಂದು ಅಟ್ಟಿದ್ದರು.

"ಸಕ್ರಿ ಕಾಯ್ಲೆದವರ ಮನಿ ಇದ ಏನ್ರಿ?"

ನನ್ನ ಗಂಡ ಕಪ್ಪು ಕೆಳಗಿಟ್ಟರು. ಗುಟ್ಟು ರಟ್ಟಾಯಿತೆಂದುಕೊಂಡೆ. ಅಷ್ಟರಲ್ಲಿ ಅಜ್ಜಿಯೇ ಧಡಕ್ಕನೆ ಎದ್ದರು.

"ಊರಿಗೆಲ್ಲ ಕೇಳ್ಸಂಗ ಒದರಬ್ಯಾಡ! ನನಗೈತಿ ಅಂತ ಯಾರು ಹೇಳಿದ್ರು ನಿನಗ?"

ನರ್ಸಮ್ಮ ಅಜ್ಜಿಯನ್ನೂ ನನ್ನ ಗಂಡನನ್ನೂ ನೋಡಿ, "ಇಬ್ರೂ ಒಂದ ಮನ್ಯಾಗ ಅದೀರಿ, ಚಲೋ ಆತು" ಎಂದು ಕೂತೇಬಿಟ್ಟಳು. ತಿಂಗಳಿಗೊಮ್ಮೆ ನೀಲಗುಂದದ ದೇವರಿಗೆಂದು ಹೊರಡುತ್ತಿದ್ದ ಅಜ್ಜಿ ಹೋಗುತ್ತಿದ್ದುದು ಅದೇ ಡಾಕ್ಟರರ ಹತ್ತಿರ! ನನಗೆ ನಗು ತಡೆಯಲಾಗಲಿಲ್ಲ.

ನರ್ಸಮ್ಮ ಮೊದಲು ನನ್ನ ಗಂಡನನ್ನು ಕೇಳಿದಳು. "ಮನಿ ಬಿಡಿಸ್ತಾರ ಅಂತ ಅಂಜಿಕಿ ಐತೇನ್ರಿ?"

ಅವರು ಅಜ್ಜಿಯ ಮುಖ ನೋಡಿ ತಲೆ ತಗ್ಗಿಸಿದರು. ನನಗೆ ರೇಗಿತು. "ಐತ್ರಿ," ಎಂದೆ ನಾನೇ, "ದಿನಾ ಐತಿ."

ನರ್ಸಮ್ಮ ಅಜ್ಜಿಯ ಕಡೆ ತಿರುಗಿದಳು.

"ನಿಮಗೇನ್ ಬಿಡ್ರಿ ಅಜ್ಜಿ, ಸ್ವಂತ ಮನಿ" ಎಂದಳು ನರ್ಸಮ್ಮ.

"ಎಲ್ಲಿ ಸ್ವಂತ? ಮನಿ ನನ್ನ ತಮ್ಮನ ಮಗಂದು. ನನಗ ಬ್ಯಾನಿ ಐತಿ ಅಂತ ಗೊತ್ತಾದ್ರ ತನ್ನ ಊರು ಇಟ್ಟಿಗಿಗೆ ಕರಕೊಂಡು ಹೋಗಿ ಮೂಲ್ಯಾಗ ಕುಂದ್ರಿಸಿ, ಇದನ್ನ ಮಾರ್ತಾನ. ಹಿಂದ ಬಾಡಿಗಿಯವರು ಅದಾರ, ನನ್ನ ನೋಡ್ಕೊಂತಾರ ಅಂತ ಹೇಳೇ ಇಷ್ಟು ದಿನ ತಡದೀನಿ."

ಆಮೇಲೆ ನನ್ನ ಗಂಡನ ಕಡೆ ತಿರುಗಿ, ಯಾರಿಗೂ ಅಂಜದ ಆ ಅಜ್ಜಿ ಮೆಲ್ಲಗೆ ಕೇಳಿದರು.

"ನೀವು ಮನಿ ಬಿಟ್ಟು ಹೋಗಂಗಿಲ್ಲ, ಹೌದಿಲ್ರಿ?"